ಈರುಳ್ಳಿಯ ಕ್ವೆರ್ಸೆಟಿನ್ ಮತ್ತು ಹೊಗೆ ಹೊಕ್ಕ ಶ್ವಾಸಕೋಶ

ಬೀಡಿ, ಸಿಗರೇಟು ಮುಟ್ಟದವರಿಗೂ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ. ಕಾರಣಗಳಲ್ಲಿ ಒಂದು, ನಾವು ಉಸಿರಾಡುವ ಗಾಳಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2013ರಲ್ಲಿ ಹೊರಗಿನ ವಾಯುಮಾಲಿನ್ಯವನ್ನು ತಂಬಾಕಿನ ಹೊಗೆ ಇರುವ ಗುಂಪಿಗೇ ಸೇರಿಸಿತು.

ಮುಖ್ಯ ಆರೋಪಿ ಪಿಎಂ 2.5, ಅಂದರೆ 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಸಣ್ಣ ಕಣಗಳು. ಮೂಗು, ಗಂಟಲು ಇವನ್ನು ಪೂರ್ತಿ ತಡೆಯಲಾರವು, ವಾಯುಕೋಶಗಳವರೆಗೂ ಇಳಿಯುತ್ತವೆ. ಅಲ್ಲಿನ ಕಾವಲುಗಾರ ಮ್ಯಾಕ್ರೋಫೇಜ್ ಕೋಶಗಳು ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ಸಂಕೇತ ಹೊರಡಿಸುತ್ತವೆ. ಲಂಡನ್ನಿನ ಚಾರ್ಲ್ಸ್ ಸ್ವಾಂಟನ್ ತಂಡ 2023ರಲ್ಲಿ ತೋರಿಸಿದ್ದು ಕುತೂಹಲಕರ: ಇಜಿಎಫ್‌ಆರ್ ಮ್ಯುಟೇಶನ್ ಹೊತ್ತು ಸುಮ್ಮನೆ ಮಲಗಿದ್ದ ಕೋಶಗಳನ್ನು ಈ ಉರಿಯೂತ ಎಬ್ಬಿಸುತ್ತದೆ.

ಇನ್ನು ಹರಡುವಿಕೆ. ಶ್ವಾಸಕೋಶದ ಒಳಪದರದ ಕೋಶಗಳನ್ನು ಇ-ಕ್ಯಾಡ್‌ಹೆರಿನ್ ಪ್ರೋಟೀನು ಇಟ್ಟಿಗೆಗಳ ನಡುವಿನ ಗಾರೆಯಂತೆ ಹಿಡಿದಿಟ್ಟಿರುತ್ತದೆ. ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳನ್ನು ಪಿಎಂ 2.5 ಜೊತೆ ಬೆಳೆಸಿದಾಗ ಈ ಗಾರೆ ಕಡಿಮೆಯಾಗುತ್ತದೆ, ಕೋಶಗಳು ಜಾಗ ಬಿಟ್ಟು ಚಲಿಸುತ್ತವೆ, ಸುತ್ತಲಿನ ಅಂಗಾಂಶ ಕರಗಿಸುವ ಎಂಎಂಪಿ ಕಿಣ್ವಗಳು ಹೆಚ್ಚುತ್ತವೆ. ದೇಹದಲ್ಲಿ ಹೀಗೆ ಕಳಚಿಕೊಂಡ ಕೋಶ ರಕ್ತನಾಳ ಹೊಕ್ಕರೆ ಮುಂದಿನ ನಿಲ್ದಾಣ ಮಿದುಳು, ಮೂಳೆ, ಯಕೃತ್ತು. ಜೀವಕ್ಕೆ ಹೆಚ್ಚು ಅಪಾಯ ಈ ಪಯಣದಿಂದಲೇ.

ಫ್ಲೇವನಾಯ್ಡ್‌ಗಳು ಇಲ್ಲಿಗೆ ಬರುತ್ತವೆ. ಎರಡು ಬೆಂಜೀನ್ ಉಂಗುರ, ನಡುವೆ ಮೂರು ಕಾರ್ಬನ್, ಒಟ್ಟು 15. ಫೀನಾಲ್ ಪಾಠ ಓದಿದವರು ನೆನಪಿಸಿಕೊಳ್ಳಿ: ಉಂಗುರದ ಹೈಡ್ರಾಕ್ಸಿಲ್ ಗುಂಪು ಹೈಡ್ರೋಜನ್ ಬಿಟ್ಟುಕೊಟ್ಟು ಫ್ರೀ ರ್‍ಯಾಡಿಕಲ್‌ಗಳನ್ನು ತಣಿಸುತ್ತದೆ. ಈರುಳ್ಳಿಯ ಕ್ವೆರ್ಸೆಟಿನ್, ಹಸಿರು ಚಹಾದ ಕ್ಯಾಟೆಚಿನ್‌ಗಳು ಈ ಕುಟುಂಬದವು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಶ್ವಾಸಕೋಶ ಕ್ಯಾನ್ಸರ್ ಕೋಶಗಳ ಚಲನೆಯನ್ನೂ ಎಂಎಂಪಿ ಕಿಣ್ವಗಳನ್ನೂ ಕ್ವೆರ್ಸೆಟಿನ್ ತಗ್ಗಿಸಿದೆ.

ಆದರೆ ತಟ್ಟೆ ಬೇರೆ, ದೇಹ ಬೇರೆ. ತಿಂದ ಕ್ವೆರ್ಸೆಟಿನ್‌ನ ಸ್ವಲ್ಪ ಭಾಗವಷ್ಟೇ ರಕ್ತ ಸೇರುತ್ತದೆ. ಅದನ್ನೂ ಕರುಳು, ಯಕೃತ್ತು ಬೇರೆ ರೂಪಕ್ಕೆ ತಿರುಗಿಸಿರುತ್ತವೆ. ತಟ್ಟೆಗೆ ಸುರಿದ ಪ್ರಮಾಣ ಊಟದಿಂದ ಸಿಗುವಂಥದ್ದಲ್ಲ. ಹಾಗಾದರೆ ಮಾತ್ರೆ ನುಂಗೋಣವೇ? ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕ್ಯಾರೊಟಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇಳಿಯಲಿಲ್ಲ, ಶೇ. 18ರಷ್ಟು ಏರಿತು! ಅದು ಫ್ಲೇವನಾಯ್ಡ್ ಅಲ್ಲ, ನಿಜ. ಆದರೂ 'ಸಸ್ಯಮೂಲದ್ದು, ಹಾನಿಯಿಲ್ಲ' ಎಂಬ ಜಾಹೀರಾತು ಕಂಡಾಗ ನನಗೆ ನೆನಪಾಗುವುದು ಇದೇ ಪರೀಕ್ಷೆ.

ಈರುಳ್ಳಿಯನ್ನು ಊಟದಲ್ಲಿ ತಿನ್ನಿ. ಕ್ವೆರ್ಸೆಟಿನ್ ಹೆಚ್ಚಿರುವುದು ಹೊರಪದರಗಳಲ್ಲಿ, ಸುಲಿಯುವಾಗ ಒಂದು ಪದರ ಹೆಚ್ಚಾಗಿ ಕಿತ್ತೆಸೆಯಬೇಡಿ. ಗಾಳಿಯ ಕೆಲಸವನ್ನು ಮಾತ್ರ ಈರುಳ್ಳಿಗೆ ವಹಿಸಲಾಗದು: ಪಿಎಂ 2.5ಕ್ಕೆ ನಮ್ಮ ದೇಶದ ವಾರ್ಷಿಕ ಮಿತಿ ಘನಮೀಟರಿಗೆ 40 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5.