ಒಂದು ಗುಣಕ್ಕೆ ಒಂದೇ ಜೀನ್? ಟಿಕ್ ಉದಾಹರಣೆಯೊಂದಿಗೆ ಅನುವಂಶೀಯತೆಯ ಪಾಠ

ಹತ್ತನೆಯ ತರಗತಿಯಲ್ಲಿ ಮೆಂಡಲನ ಬಟಾಣಿ ಗಿಡ ಮುಗಿದ ಮೇಲೆ ಮಕ್ಕಳ ತಲೆಯಲ್ಲಿ ಉಳಿಯುವುದು ಒಂದೇ: ಒಂದು ಗುಣಕ್ಕೆ ಒಂದು ಜೀನ್. ಇದನ್ನು ಸಡಿಲಿಸಲು ಕಾರವಾರ, ಅಂಕೋಲೆಯ ಶಾಲೆಗಳ ಅಭ್ಯಾಸ ಬೋಧನೆಯಲ್ಲಿ ನಾನು ಟಿಕ್‌ನ ಉದಾಹರಣೆ ಕೊಡಿಸುತ್ತೇನೆ.

ಟಿಕ್ ಎಂದರೆ ಬೇಡವೆಂದರೂ ಮರುಕಳಿಸುವ ಚಲನೆ ಅಥವಾ ಸದ್ದು: ಕಣ್ಣು ಮಿಟುಕಿಸುವುದು, ಭುಜ ಹಾರಿಸುವುದು, ಗಂಟಲು ಕೆರೆಯುವುದು. ಸ್ವಲ್ಪ ಹೊತ್ತು ತಡೆಯಬಹುದು, ಆಮೇಲೆ ಬಂದೇ ಬರುತ್ತದೆ. (ತಡೆಯಲು ಆಗುವುದರಿಂದಲೇ ನಾವು ಶಿಕ್ಷಕರು ‘ಬೇಕಂತಲೇ ಮಾಡ್ತಾನೆ’ ಎಂದುಬಿಡುತ್ತೇವೆ.) ಹಲವು ಚಲನೆಗಳೊಂದಿಗೆ ಒಂದಾದರೂ ಸದ್ದು ಸೇರಿ, 18 ವರ್ಷದೊಳಗೆ ಶುರುವಾಗಿ, ವರ್ಷ ಮೀರಿ ಉಳಿದರೆ ಅದು ಟುರೆಟ್ ಸಿಂಡ್ರೋಮ್.

ಕಪ್ಪುಹಲಗೆಯ ಮೇಲೆ ಎರಡೇ ಸಂಖ್ಯೆ ಸಾಕು. 1985ರ ಒಂದು ಅಧ್ಯಯನದಲ್ಲಿ ಅವಳಿಗಳಿಬ್ಬರಿಗೂ ಟುರೆಟ್ ಇದ್ದದ್ದು ಏಕರೂಪಿ ಜೋಡಿಗಳಲ್ಲಿ ಶೇ. 53, ಭಿನ್ನ ಜೋಡಿಗಳಲ್ಲಿ ಶೇ. 8. ‘ಹಾಗಾದ್ರೆ ಜೀನೇ ಕಾರಣ’ ಎಂದ ಹುಡುಗನಿಗೆ ಅಂಕೋಲೆಯ ಹುಡುಗಿಯೊಬ್ಬಳು ಕೇಳಿದಳು, ‘ಮತ್ತೆ ನೂರಕ್ಕೆ ನೂರು ಯಾಕಿಲ್ಲ?’ ಪಾಠ ಅಲ್ಲೇ ಇದೆ.

ಹುಡುಕಾಟದ ಕಥೆ ಚಿಕ್ಕದಾಗಿ ಹೇಳಬಹುದು. 2010ರಲ್ಲಿ ಒಂದು ಕುಟುಂಬದ ತಂದೆ ಮತ್ತು ಎಂಟು ಮಕ್ಕಳಲ್ಲಿ, ಹಿಸ್ಟಮೀನ್ ತಯಾರಿಸುವ ಕಿಣ್ವದ ಜೀನಿನಲ್ಲಿ ಬದಲಾವಣೆ ಸಿಕ್ಕಿತು. ಬೇರೆ ಕುಟುಂಬಗಳಲ್ಲಿ ಅದು ಅಪರೂಪ. 2019ರಲ್ಲಿ 4,819 ಟುರೆಟ್ ಪೀಡಿತರನ್ನು 9,488 ಇತರರೊಂದಿಗೆ ಹೋಲಿಸಿದಾಗ, ಅಪಾಯವು ಅನೇಕ ಸಣ್ಣ ಸಣ್ಣ ಬದಲಾವಣೆಗಳಲ್ಲಿ ಹಂಚಿಹೋಗಿರುವುದು ಕಂಡಿತು. ಟಿಕ್‌ನೊಂದಿಗೆ ಆನುವಂಶಿಕ ನಂಟಿರುವ ಗೀಳು ಕಾಯಿಲೆಯನ್ನು ಬೆಂಗಳೂರಿನ ನಿಮ್ಹಾನ್ಸ್ ಇತರ ಸಂಸ್ಥೆಗಳೊಡನೆ, ಹಲವರು ಬಾಧಿತರಾದ ಕುಟುಂಬಗಳಲ್ಲಿ ಅಧ್ಯಯನ ಮಾಡುತ್ತಿದೆ.

ನನ್ನ ಪ್ರಶಿಕ್ಷಣಾರ್ಥಿಯೊಬ್ಬಳು ಇದಕ್ಕೆ ರಂಪಣಿ ಬಲೆಯನ್ನು ತಂದಳು: ಒಬ್ಬ ಎಳೆದರೆ ಬಲೆ ದಡಕ್ಕೆ ಬರದು, ಹತ್ತಾರು ಕೈ ಬೇಕು, ಕಡಲೂ ಒಲಿಯಬೇಕು. ಪಠ್ಯಪುಸ್ತಕದ ಚೌಕಕ್ಕಿಂತ ಇದು ಮಕ್ಕಳಿಗೆ ಬೇಗ ಹತ್ತಿತು.

ಒಂದು ಎಚ್ಚರಿಕೆ. ‘ನಿಮ್ಮ ಮನೆಯಲ್ಲಿ ಯಾರಿಗಿದೆ?’ ಎಂದು ಕೇಳಬೇಡಿ, ವಂಶವೃಕ್ಷದ ಮನೆಗೆಲಸ ಕೊಡಬೇಡಿ. ‘ಮನೆತನದ ರೋಗ’ ಎಂಬ ಮಾತು ಅಕ್ಕನ ಮದುವೆ ಮಾತುಕತೆಯವರೆಗೂ ಹೋಗುತ್ತದೆ. ಅವಳ ತರಗತಿಯಲ್ಲೇ ಭುಜ ಹಾರಿಸುವ ಹುಡುಗನಿದ್ದ. ಹಿಂದೆ ಅದಕ್ಕಾಗಿ ಹೊರಗೆ ನಿಂತವನು. ಪಾಠದ ನಡುವೆ ಎಲ್ಲರೂ ಅವನತ್ತ ತಿರುಗಿದರು. ಅವಳು ತಿರುಗಲಿಲ್ಲ, ಹಲಗೆಯ ಮೇಲೆ ಬರೆಯುತ್ತಲೇ ಹೋದಳು. ಗಂಟೆ ಹೊಡೆದ ಮೇಲೆ ಅವನೇ ಬಂದು ಕೇಳಿದ, ‘ಟೀಚರ್, ದೊಡ್ಡವರಾದ ಮೇಲೆ ಹೋಗ್ತದಾ?’ ಹದಿಹರೆಯ ಮುಗಿಯುವಾಗ ಬಹಳ ಜನರಲ್ಲಿ ಕಡಿಮೆಯಾಗುತ್ತದೆ ಎಂದು ಅವಳು ಹೇಳಿದಳು.