ಬರವನ್ನು ತಾಳುವ ಹುಲ್ಲು

ಹುಲ್ಲೆಂದೊಡನೆ ತೋಟಗಾರಿಕೆಯಲ್ಲಿ ಆಸಕ್ತಿಯುಳ್ಳವರ ಮನಸ್ಸಿಗೆ ಬರುವುದು ಮನೆಯ ಮುಂದಿನ ಹಸುರು ಹಾಸು. ಅದಕ್ಕೆ ಪದೇ ಪದೇ ನೀರೆರೆಯಬೇಕು, ಗೊಬ್ಬರವಿಡಬೇಕು, ಆಗಾಗ ಕತ್ತರಿಸಬೇಕು. ಬೇಸಗೆಯಲ್ಲಿ ಕೆಲವು ವಾರ ನೀರು ತಪ್ಪಿದರೆ ಅದು ಕಂದಿಹೋಗುವುದು. ಆದರೆ ಎರೆಯುವವರಾಗಲಿ ಗೊಬ್ಬರವಿಡುವವರಾಗಲಿ ಇಲ್ಲದೆ ಸಾವಿರಾರು ವರ್ಷಗಳಿಂದ ತಾವಾಗಿಯೇ ಬೆಳೆದುಬಂದ ಹುಲ್ಲುಗಳೂ ಉಂಟು. ಉತ್ತರ ಅಮೆರಿಕದ ಮಧ್ಯಭಾಗದ ಪ್ರೇರಿ ಎಂಬ ವಿಶಾಲ ಬಯಲುಗಳು ಇಂಥ ಹುಲ್ಲುಗಳ ತವರು. ಅವುಗಳಲ್ಲಿ ‘ಲಿಟ್ಲ್ ಬ್ಲೂಸ್ಟೆಮ್’ ಎಂಬುದು ಈಗ ಆ ದೇಶದ ಮನೆಯ ತೋಟಗಳಲ್ಲಿ ಅಲಂಕಾರ ಸಸ್ಯವಾಗಿ ಸ್ಥಾನ ಪಡೆದಿದೆ.

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸ್ಕಿಜಕೀರಿಯಮ್ ಸ್ಕೋಪೇರಿಯಮ್. ನಮ್ಮ ಜೋಳ, ಕಬ್ಬು, ಲಾವಂಚಗಳು ಸೇರಿರುವ ಬಳಗಕ್ಕೇ ಇದೂ ಸೇರಿದೆ. ಇದು ನೆಲದ ಮೇಲೆ ಹಾಸಿಕೊಳ್ಳದೆ ಹಿಂಡಿಲಾಗಿ ನೆಟ್ಟಗೆ ಎರಡರಿಂದ ನಾಲ್ಕು ಅಡಿ ಎತ್ತರಕ್ಕೆ ಬೆಳೆಯುವುದು. ಬೇಸಗೆಯಲ್ಲಿ ನೀಲಿ ಬೆರೆತ ಹಸುರಾಗಿರುವ ಗರಿಗಳು ಶರತ್ಕಾಲದಲ್ಲಿ ತಾಮ್ರದ ಬಣ್ಣಕ್ಕೆ ತಿರುಗಿ, ಚಳಿಗಾಲವೆಲ್ಲ ಹಾಗೆಯೇ ನಿಲ್ಲುವುವು. ತೆನೆಗಳಲ್ಲಿ ಬೆಳ್ಳಗಿನ ನಯವಾದ ರೋಮಗಳಿದ್ದು, ಎಳೆಬಿಸಿಲು ಬಿದ್ದಾಗ ಬೆಳ್ಳಿಯಂತೆ ಹೊಳೆಯುವುವು. ಬೀಜಗಳು ಚಳಿಗಾಲದಲ್ಲಿ ಸಣ್ಣ ಹಕ್ಕಿಗಳಿಗೆ ಆಹಾರವಾಗುವುವು.

ಈ ಹುಲ್ಲು ಬರವನ್ನು ಹೇಗೆ ತಾಳುತ್ತದೆ? ಮೊದಲನೆಯ ಕಾರಣ ನೆಲದೊಳಗಿದೆ. ನೆಬ್ರಾಸ್ಕ ವಿಶ್ವವಿದ್ಯಾನಿಲಯದ ಜಾನ್ ವೀವರ್ ಎಂಬ ವಿಜ್ಞಾನಿ ಪ್ರೇರಿಯಲ್ಲಿ ಆಳವಾದ ಕಂದಕಗಳನ್ನು ತೋಡಿಸಿ, ಹುಲ್ಲುಗಳ ಬೇರುಗಳನ್ನು ಬಿಡಿಸಿ ಅವುಗಳ ಚಿತ್ರಗಳನ್ನು ಬರೆದನು. ಲಿಟ್ಲ್ ಬ್ಲೂಸ್ಟೆಮಿನ ಬೇರುಗಳು ಅನುಕೂಲವಾದ ಮಣ್ಣಿನಲ್ಲಿ ಐದಡಿಯ ಆಳವನ್ನು ಮುಟ್ಟಬಲ್ಲವು. ಮೇಲ್ಮಣ್ಣು ಒಣಗಿದಾಗಲೂ ಕೆಳಗಿನ ತೇವ ಅವಕ್ಕೆ ದೊರೆಯುವುದು.

ಎರಡನೆಯ ಕಾರಣ ಎಲೆಯಲ್ಲಿದೆ. ಇಂಗಾಲಾಮ್ಲ ವಾಯುವನ್ನು ಒಳಗೆ ತೆಗೆದುಕೊಳ್ಳಲು ಎಲೆ ತನ್ನ ಸೂಕ್ಷ್ಮರಂಧ್ರಗಳನ್ನು ತೆರೆಯಬೇಕು. ತೆರೆದಾಗಲೆಲ್ಲ ನೀರು ಆವಿಯಾಗಿ ನಷ್ಟವಾಗುವುದು. ಈ ಬಳಗದ ಹುಲ್ಲುಗಳಾದರೋ, ಒಳಬಂದ ವಾಯುವನ್ನು ಮೊದಲು ಒಂದು ಆಮ್ಲದ ರೂಪದಲ್ಲಿ ಹಿಡಿದು, ಎಲೆಯ ನರಗಳ ಸುತ್ತಲಿನ ಕೋಶಗಳಿಗೆ ಒಯ್ದು, ಅಲ್ಲಿ ಅದನ್ನು ಸಾಂದ್ರಗೊಳಿಸಿ ಸಕ್ಕರೆಯನ್ನು ತಯಾರಿಸುವುವು. ಆದುದರಿಂದ ರಂಧ್ರಗಳನ್ನು ಕಿರಿದಾಗಿ ತೆರೆದರೂ ಸಾಕು. ಆಸ್ಟ್ರೇಲಿಯದ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು ೧೯೬೬ರಲ್ಲಿ ಈ ಕ್ರಮವನ್ನು ಕಬ್ಬಿನ ಎಲೆಯಲ್ಲಿ ವಿವರಿಸಿದರು.

ಆದರೆ ಬರವನ್ನು ತಾಳುವುದೆಂದರೆ ಅದಕ್ಕೆ ಮಿತಿಯಿಲ್ಲವೆಂದು ಅರ್ಥವಲ್ಲ. ೧೯೩೪ರ ಭೀಕರ ಬರಗಾಲದಲ್ಲಿ ಈ ಹುಲ್ಲು ಪ್ರೇರಿಯ ಅನೇಕ ಕಡೆಗಳಲ್ಲಿ ಸತ್ತುಹೋದುದನ್ನೂ, ಇನ್ನೂ ಆಳಕ್ಕೆ ಬೇರಿಳಿಸುವ ‘ಬಿಗ್ ಬ್ಲೂಸ್ಟೆಮ್’ ಅದಕ್ಕಿಂತ ಚೆನ್ನಾಗಿ ಉಳಿದುಕೊಂಡುದನ್ನೂ ವೀವರನೇ ದಾಖಲೆ ಮಾಡಿದ್ದಾನೆ. ಗಿಡದ ಬಲವೆಲ್ಲ ಬೇರಿನ ಆಳದಲ್ಲಿದೆ ಎಂಬುದು ಇದರಿಂದ ಸ್ಪಷ್ಟವಾಗುವುದು. ತೋಟಗಾರನು ಮಾಡಬೇಕಾದುದೆಲ್ಲ ಈ ಒಂದು ತತ್ತ್ವವನ್ನೇ ಅನುಸರಿಸುತ್ತದೆ.

ದಿನಕ್ಕೆ ಆರು ಗಂಟೆಗಳಿಗೆ ಕಡಮೆಯಿಲ್ಲದೆ ಬಿಸಿಲು ಬೀಳುವ, ನೀರು ನಿಲ್ಲದ ಜಾಗವನ್ನು ಆರಿಸಿಕೊಳ್ಳಬೇಕು. ಮರಳು ಅಥವಾ ಗರಸು ನೆಲವಾದರೂ ಬಾಧಕವಿಲ್ಲ. ಸದಾ ಒದ್ದೆಯಾಗಿರುವ ನೆಲದಲ್ಲಿ ಮಾತ್ರ ಬುಡ ಕೊಳೆಯುವುದು. ವಸಂತದಲ್ಲಿ ನೆಲ ಬೆಚ್ಚಗಾದ ಮೇಲೆ ಬೀಜವನ್ನು ಕಾಲಂಗುಲದಷ್ಟು ಮಣ್ಣು ಮುಚ್ಚುವಂತೆ ಬಿತ್ತಬಹುದು. ಇಲ್ಲವೆ ಹಳೆಯ ಹಿಂಡಿಲನ್ನು ಸೀಳಿ ನೆಡಬಹುದು. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿಯಿಂದ ಎರಡು ಅಡಿ ಅಂತರವಿರಲಿ.

ಮೊದಲನೆಯ ವರ್ಷ ಗಿಡ ಮೇಲೆ ಅಷ್ಟಾಗಿ ಬೆಳೆಯುವುದಿಲ್ಲ. ಅನುಭವವಿಲ್ಲದವರು ಇದನ್ನು ಕಂಡು ನಿರಾಶರಾಗಿ ಕಿತ್ತೆಸೆಯುವುದುಂಟು. ಆದರೆ ಆಗ ಅದು ಬೇರಿಳಿಸುವ ಕೆಲಸದಲ್ಲಿ ತೊಡಗಿರುತ್ತದೆ. ಮಳೆ ಬಾರದ ದಿನಗಳಲ್ಲಿ ವಾರಕ್ಕೊಮ್ಮೆ ಆಳಕ್ಕಿಳಿಯುವಂತೆ ನೀರೆರೆಯಬೇಕು. ದಿನವೂ ಚಿಮುಕಿಸಿದರೆ ಬೇರು ಮೇಲ್ಮಣ್ಣಿನಲ್ಲಿಯೇ ಉಳಿದು, ಬರ ಬಂದಾಗ ಗಿಡ ಸೋಲುವುದು. ಕಳೆಯನ್ನು ತಪ್ಪದೆ ಕೀಳಬೇಕು. ಗಿಡ ಚೆನ್ನಾಗಿ ನೆಲೆನಿಂತ ಮೇಲೆ ಕಡುಬರದಲ್ಲಿ ಹೊರತು ನೀರು ಬೇಕಾಗುವುದಿಲ್ಲ.

ಗೊಬ್ಬರವನ್ನಂತೂ ಹಾಕಲೇಬಾರದು. ಸಾರಜನಕ ಹೆಚ್ಚಾದರೆ ಕಾಂಡಗಳು ಮೃದುವಾಗಿ ಉದ್ದಕ್ಕೆ ಬೆಳೆದು ಮಳೆಗಾಳಿಗೆ ಬೀಳುವುವು. ಒಣಗಿದ ಕಡ್ಡಿಗಳನ್ನು ಚಳಿಗಾಲದಲ್ಲಿ ಹಾಗೆಯೇ ಬಿಟ್ಟು, ಹೊಸ ಚಿಗುರು ಬರುವ ಮುನ್ನ ನೆಲದಿಂದ ಮೂರು ನಾಲ್ಕು ಅಂಗುಲ ಬಿಟ್ಟು ಕತ್ತರಿಸಬೇಕು.

ಚಳಿಗಾಲದಲ್ಲಿ ಹಿಮ ಬೀಳುವ ನಾಡಿನ ಹುಲ್ಲು ಇದು. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ತಮ್ಮ ಮನೆಯಂಗಳದಲ್ಲಿ ಇದನ್ನು ಸುಲಭವಾಗಿ ಬೆಳೆಸಬಹುದು. ಹಾಗೆ ಬೆಳೆಸುವವರು ಒಂದು ಸಂಗತಿಯನ್ನು ನೆನೆಯಬೇಕು. ಪ್ರೇರಿಯ ಪಶ್ಚಿಮದ ಒಣ ಬಯಲುಗಳಲ್ಲಿ ಹುಲ್ಲನ್ನು ಉತ್ತು ತೆಗೆದು ಗೋಧಿ ಬಿತ್ತಿದರು. ಬರ ಬಂದಾಗ ಹಿಡಿದಿಡುವ ಬೇರುಗಳಿಲ್ಲದೆ ಮಣ್ಣು ಗಾಳಿಗೆ ಎದ್ದಿತು. ೧೯೩೫ರ ಏಪ್ರಿಲ್ ೧೪ರಂದು ಎದ್ದ ಧೂಳಿನ ಬಿರುಗಾಳಿ ಹಗಲನ್ನೇ ಕತ್ತಲೆಯಾಗಿಸಿತು. ಸಾವಿರಾರು ಕುಟುಂಬಗಳು ಮನೆಮಾರುಗಳನ್ನು ಬಿಟ್ಟು ಹೊರಟವು. ಹುಲ್ಲು ನೆಲದಡಿಯಲ್ಲಿ ಮಾಡುತ್ತಿದ್ದ ಕೆಲಸ ಅಲ್ಲಿಯ ಜನರಿಗೆ ತಿಳಿದುದು ಅದನ್ನು ಕಳೆದುಕೊಂಡ ಬಳಿಕ.