ಬೆಂಚಿನ ಮೇಲೆ ಯಾರು ಕೂರಬೇಕು?

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಯಾವ ಪ್ರೌಢಶಾಲೆಗೆ ಹೋದರೂ ಕಬಡ್ಡಿ, ಖೊ-ಖೊ, ವಾಲಿಬಾಲ್ ತಂಡ ಕಾಣುತ್ತದೆ. ಬ್ಯಾಸ್ಕೆಟ್‌ಬಾಲ್ ತಂಡ ಅಪರೂಪ. ಈ ಮೂರೂ ಕಡೆ ದೈಹಿಕ ಶಿಕ್ಷಕನಾಗಿದ್ದು ಹುಡುಗರ ಬ್ಯಾಸ್ಕೆಟ್‌ಬಾಲ್ ತಂಡ ಕಟ್ಟಿದ್ದೇನೆ. ದೊಡ್ಡ ಊರಿನ ಕ್ಲಬ್‌ಗಳಲ್ಲಿ ಮುಖ್ಯ ತರಬೇತುದಾರ, ಸಹಾಯಕ ತರಬೇತುದಾರ, ಮ್ಯಾನೇಜರ್ ಎಂದು ಬೇರೆ ಬೇರೆ ಜನ ಇರುತ್ತಾರೆ. ಸರ್ಕಾರಿ ಪ್ರೌಢಶಾಲೆಗೆ ಸಾಮಾನ್ಯವಾಗಿ ಮಂಜೂರಾಗುವುದು ಒಬ್ಬ ಪಿ.ಟಿ. ಮಾಸ್ತರ್ ಮಾತ್ರ. ಉಳಿದ ಸಿಬ್ಬಂದಿಯನ್ನು ಶಾಲೆಯೊಳಗಿನಿಂದ, ಊರೊಳಗಿನಿಂದ ನಾವೇ ಹುಡುಕಿಕೊಳ್ಳಬೇಕು. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

1. ಮೊದಲು ಮಣ್ಣು ನೋಡಿ

ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಎರಿ ಭೂಮಿ. ಎರಿ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟ್ ಹಾಕಿದರೆ ಒಂದೆರಡು ವರ್ಷದಲ್ಲೇ ಬಿರುಕು ಬಿಟ್ಟು, ಪುಟಿದ ಚೆಂಡು ಹುಡುಗನ ಕೈಗೆ ಬರುವ ಬದಲು ಪಕ್ಕಕ್ಕೆ ಹಾರುತ್ತದೆ. ಎರಿ ಮಣ್ಣನ್ನು ಸಾಕಷ್ಟು ಆಳ ತೆಗೆದು ಗರಸು ತುಂಬಿಸಿ, ನೀರು ಹಾಕಿ ದಿಮ್ಮಸು ಹೊಡೆಸಿದ ಮೇಲೆಯೇ ಕಾಂಕ್ರೀಟ್ ಮಾತು. ನೀರು ಹರಿದು ಹೋಗಲು ಅಂಗಣದ ಸುತ್ತ ಗಟಾರವೂ ಬೇಕು. ಲಿಂಗಸುಗೂರು, ಮಸ್ಕಿ ಕಡೆ ಮಸಾರಿ ನೆಲವಿರುವ ಶಾಲೆಗಳಿಗೆ ಇಷ್ಟು ಕಷ್ಟವಿಲ್ಲ. ಗಟ್ಟಿ ಮಾಡಿದ ನೆಲಕ್ಕೆ ಸುಣ್ಣದ ಗೆರೆ ಎಳೆದೇ ಆಟ ಶುರು ಮಾಡಬಹುದು.

ಪೂರ್ಣ ಅಂಗಣ 28 ಮೀಟರ್ ಉದ್ದ, 15 ಮೀಟರ್ ಅಗಲ. ಅಷ್ಟು ಜಾಗ, ಹಣ ಎರಡೂ ಇಲ್ಲದಿದ್ದರೆ ಅರ್ಧ ಅಂಗಣ, ಒಂದೇ ಕಂಬ ಸಾಕು. ಕಂಬ, ರಿಂಗ್ ಎರಡನ್ನೂ ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು. ಆದರೆ ಅಳತೆಯಲ್ಲಿ ರಾಜಿ ಬೇಡ: ರಿಂಗಿನ ಒಳವ್ಯಾಸ 45 ಸೆಂ.ಮೀ., ನೆಲದಿಂದ ಎತ್ತರ 3.05 ಮೀಟರ್. ವೆಲ್ಡಿಂಗ್ ಮಾಡುವವರು ಚೆಂಡು ಸಲೀಸಾಗಿ ಹೋಗಲೆಂದು ಪ್ರೀತಿಯಿಂದ ರಿಂಗನ್ನು ಒಂದಿಷ್ಟು ದೊಡ್ಡದು ಮಾಡುತ್ತಾರೆ. ಅದರಲ್ಲಿ ಕಲಿತ ಹುಡುಗ ಜಿಲ್ಲಾ ಮಟ್ಟದ ರಿಂಗಿನ ಮುಂದೆ ತಬ್ಬಿಬ್ಬಾಗುತ್ತಾನೆ. ಅಳತೆ ಟೇಪು ಹಿಡಿದು ಅಂಗಡಿಯಲ್ಲೇ ನಿಂತುಕೊಳ್ಳಿ. ಎಂಟನೇ ತರಗತಿಗೆ ಬರುವ ಚಿಕ್ಕ ಹುಡುಗರಿಗಾಗಿ ಗೋಡೆಗೆ ತಗ್ಗಿನ ರಿಂಗೊಂದನ್ನು ಹೊಡೆಸಿ. ಮಿನಿ ಬ್ಯಾಸ್ಕೆಟ್‌ಬಾಲ್‌ನ ಎತ್ತರ 2.60 ಮೀಟರ್. ಭಾರದ 7ನೇ ಸೈಜಿನ ಚೆಂಡಿನಿಂದ 3.05 ಮೀಟರಿಗೆ ಎಸೆಯಲು ಹೋದರೆ ಆ ಎಳೆ ಭುಜಗಳು ಸೊಂಟದಿಂದ ಎತ್ತಿ ಒಗೆಯುವ ಚಾಳಿ ಕಲಿಯುತ್ತವೆ, ಮುಂದೆ ಅದನ್ನು ಬಿಡಿಸುವುದು ಕಷ್ಟ.

2. ಸಹಾಯಕ ತರಬೇತುದಾರರ ಹೆಸರನ್ನು ಜೂನ್‌ನಲ್ಲೇ ಬರೆಯಿರಿ

ನಮ್ಮ ಕ್ರೀಡಾಕೂಟಗಳಲ್ಲಿ ಎಲ್ಲರೂ ಕಾಣುವ ದೃಶ್ಯವಿದು. ತಾಲ್ಲೂಕು ಕ್ರೀಡಾಕೂಟದ ದಿನ ಪಿ.ಟಿ. ಮಾಸ್ತರರೆಲ್ಲ ಅಂಪೈರ್ ಆಗಿ, ಸಂಘಟಕರಾಗಿ, ಮೈಕ್ ಹಿಡಿದು ದುಡಿಯುತ್ತಿರುತ್ತಾರೆ. ಅದೇ ಹೊತ್ತಿಗೆ ಅವರ ಹುಡುಗರು ಪಕ್ಕದ ಅಂಗಣದಲ್ಲಿ ಬೆಂಚಿನ ಮೇಲೆ ಹಿರಿಯರಿಲ್ಲದೆ ಆಡುತ್ತಿರುತ್ತಾರೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಇದು ಬಹಳ ದುಬಾರಿ. ಟೈಮ್‌ಔಟ್ ಕೇಳುವ ಹಕ್ಕು ಮುಖ್ಯ ತರಬೇತುದಾರರಿಗೆ ಅಥವಾ ಮೊದಲ ಸಹಾಯಕ ತರಬೇತುದಾರರಿಗೆ ಮಾತ್ರ ಎಂದು ನಿಯಮ ಹೇಳುತ್ತದೆ. ಮೊದಲರ್ಧದಲ್ಲಿ ಎರಡು, ಉತ್ತರಾರ್ಧದಲ್ಲಿ ಮೂರು ಟೈಮ್‌ಔಟ್ ಸಿಗುತ್ತವೆ. ಇಬ್ಬರೂ ಇಲ್ಲದಿದ್ದರೆ ಆ ಹೊಣೆ ನಾಯಕನ ತಲೆಗೆ ಬರುತ್ತದೆ. ಓಡುತ್ತಾ, ಏದುಸಿರು ಬಿಡುತ್ತಾ ಇರುವ ಹದಿನಾರರ ಹುಡುಗ ಬದಲಿ ಆಟಗಾರನ ಲೆಕ್ಕ, ಫೌಲ್ ಲೆಕ್ಕ, ಟೈಮ್‌ಔಟ್ ಲೆಕ್ಕ ಎಲ್ಲವನ್ನೂ ಇಟ್ಟುಕೊಳ್ಳಬೇಕೆಂದು ನಿರೀಕ್ಷಿಸುವುದು ಅನ್ಯಾಯ.

ನನಗೆ ಸಿಕ್ಕ ಅತ್ಯುತ್ತಮ ಸಹಾಯಕ ತರಬೇತುದಾರರು ಒಬ್ಬ ಗಣಿತದ ಟೀಚರ್. ಅವರು ಯಾವತ್ತೂ ಬ್ಯಾಸ್ಕೆಟ್‌ಬಾಲ್ ಆಡಿದವರಲ್ಲ. ಸ್ಕೋರ್‌ಶೀಟ್ ಬರೆಯಲು ಕಲಿಸಿಕೊಟ್ಟೆ. ಯಾರು ಎಷ್ಟು ಪಾಯಿಂಟ್, ಯಾರದು ಎಷ್ಟನೇ ಫೌಲ್ ಎಂದು ಬರೆಯುತ್ತಾ ಬರೆಯುತ್ತಾ ಅವರಿಗೆ ಆಟವೇ ಅರ್ಥವಾಗತೊಡಗಿತು. ಒಂದು ಪಂದ್ಯದಲ್ಲಿ ಎದುರಾಳಿಯ ಹುಡುಗನೊಬ್ಬ ನಮ್ಮ ಬುಟ್ಟಿಗೆ ಮೇಲಿಂದ ಮೇಲೆ ಹಾಕುತ್ತಿದ್ದ. ಟೈಮ್‌ಔಟ್‌ನಲ್ಲಿ ಟೀಚರ್ ತಮ್ಮ ಹಾಳೆ ತೋರಿಸಿ, "ಆ ಒಂಬತ್ತನೇ ನಂಬರ್ ಹುಡುಗ ಪ್ರತಿಸಲ ಬಲಗಡೆಗೇ ಹೊಂಟಾನ ನೋಡ್ರೋ. ಎಡಗೈ ಬರಂಗಿಲ್ಲ ಅವ್ಗ" ಅಂದರು. ನಮ್ಮ ಹುಡುಗರು ಅವನ ಬಲಗಡೆ ಮುಚ್ಚಿದರು. ಮುಂದಿನ ಕ್ವಾರ್ಟರ್‌ನಲ್ಲಿ ಅವನ ಆಟ ನಿಂತೇಹೋಯಿತು. ಆಟ ಗೊತ್ತಿರುವುದಕ್ಕಿಂತ ಕಣ್ಣಿಟ್ಟು ನೋಡುವುದು ದೊಡ್ಡ ಅರ್ಹತೆ ಎಂದು ನಾನು ಆ ದಿನದಿಂದ ನಂಬಿದ್ದೇನೆ.

3. ಖೊ-ಖೊ ಹುಡುಗರಿಂದ ತಂಡ ಕಟ್ಟಿ

ಎತ್ತರದ ಹುಡುಗರನ್ನಷ್ಟೇ ಹುಡುಕುತ್ತಾ ಕೂತರೆ ನಮ್ಮ ಕಡೆ ತಂಡವೇ ಆಗುವುದಿಲ್ಲ. ಖೊ-ಖೊ ಆಡುವ ಹುಡುಗರನ್ನು ಕರೆಯಿರಿ. ಅದರಲ್ಲೂ ಓಡಿ ತಪ್ಪಿಸಿಕೊಳ್ಳುವುದರಲ್ಲಿ ಹೆಸರು ಮಾಡಿದವನನ್ನು ಮೊದಲು ಕರೆಯಿರಿ. ಸೊಂಟ ತಗ್ಗಿಸಿ ಒಂದು ಕಡೆ ಆಸೆ ತೋರಿಸಿ ಇನ್ನೊಂದು ಕಡೆ ನುಗ್ಗುವ ವಿದ್ಯೆ ಅವನಿಗೆ ಬಂದಿರುತ್ತದೆ. ಚೆಂಡು ಪುಟಿಸುವುದೊಂದನ್ನು ಕಲಿಸಿದರೆ ಅವನೇ ನಿಮ್ಮ ಗಾರ್ಡ್. ಅಟ್ಟಿಸಿಕೊಂಡು ಹೋಗುವುದರಲ್ಲೇ ಪಳಗಿದವನಿಗೆ ಮಾತ್ರ ಸ್ವಲ್ಪ ತಡವಾಗುತ್ತದೆ. ಒಮ್ಮೆ ಹಿಡಿದ ದಿಕ್ಕನ್ನು ಕಂಬ ಮುಟ್ಟುವವರೆಗೆ ಬದಲಿಸುವಂತಿಲ್ಲ ಎಂಬ ಖೊ-ಖೊ ನಿಯಮ ಅವನ ಕಾಲಿನಲ್ಲೇ ಕೂತಿರುತ್ತದೆ. ನಿಂತು, ತಿರುಗಿ, ಹಿಂದಕ್ಕೆ ಸರಿಯುವುದನ್ನು ಅವನಿಗೆ ದಿನವೂ ಬೇರೆಯಾಗಿ ಮಾಡಿಸಬೇಕು.

ಕಬಡ್ಡಿ ಹುಡುಗರು ಧೈರ್ಯಸ್ಥರು. ಆದರೆ ಎದುರಾಳಿ ಹತ್ತಿರ ಬಂದ ಕೂಡಲೇ ಅವರ ಕೈ ಹಿಡಿಯಲು ಹೋಗುತ್ತದೆ. ಐದು ಫೌಲ್ ಆದರೆ ಆಟದಿಂದ ಹೊರಗೆ. ಹಾಗಾಗಿ ಅವರಿಗೆ ತಿಂಗಳುಗಟ್ಟಲೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕಾಲಿನಿಂದಲೇ ಎದುರಾಳಿಯನ್ನು ತಡೆಯುವ ಅಭ್ಯಾಸ ಮಾಡಿಸಿದ್ದೇನೆ. ಫಲ ಸಿಕ್ಕಿದೆ.

4. ಹಾಸ್ಟೆಲ್ ವಾರ್ಡನ್ ಮತ್ತು ಬಸ್ ವೇಳೆ

ಹಳ್ಳಿಗಳ, ಹೊರಗಿನಿಂದ ಬಂದು ನೆಲೆಸಿದವರ ಕ್ಯಾಂಪುಗಳ ಹುಡುಗರು ಸಂಜೆ ಬಸ್ಸಿಗೆ ಓಡಲೇಬೇಕು. ಅಭ್ಯಾಸಕ್ಕೆ ನಿಯಮಿತವಾಗಿ ಸಿಗುವವರು ಮೆಟ್ರಿಕ್‌ಪೂರ್ವ ಹಾಸ್ಟೆಲ್ ಹುಡುಗರೇ. ಬೇಸಿಗೆಯ ಬಿಸಿಲು ನೆನೆದರೆ ಬೆಳಗಿನ ಆರರಿಂದ ಏಳೂವರೆ ನಮಗಿರುವ ಒಳ್ಳೆಯ ಹೊತ್ತು. ವಾರ್ಡನ್ ಒಪ್ಪಿ ಬಾಗಿಲು ತೆಗೆಸಿದರೆ ಮಾತ್ರ ಅದು ಸಾಧ್ಯ. ವರ್ಷದ ಆರಂಭದಲ್ಲೇ ಅವರನ್ನು ಅಂಗಣಕ್ಕೆ ಕರೆದುಕೊಂಡು ಬನ್ನಿ.

5. ಅಡುಗೆ ಮನೆಯನ್ನು ಮರೆಯಬೇಡಿ

2002ರಲ್ಲಿ ಬಿಸಿಯೂಟ ಮೊದಲು ಶುರುವಾದ ಜಿಲ್ಲೆಗಳಲ್ಲಿ ರಾಯಚೂರು ಒಂದು. ಆ ಊಟವೇ ನಮ್ಮ ಅನೇಕ ಆಟಗಾರರ ದಿನದ ಗಟ್ಟಿ ಊಟ. ಯಾವ ಹುಡುಗ ತಟ್ಟೆಯಲ್ಲಿ ಬಿಡುತ್ತಾನೆ, ಯಾರು ಬೆಳಗ್ಗೆ ಏನೂ ತಿನ್ನದೆ ಬಂದಿದ್ದಾನೆ ಎಂಬುದು ಬಡಿಸುವ ಅಕ್ಕಂದಿರಿಗೆ ನಮಗಿಂತ ಚೆನ್ನಾಗಿ ಗೊತ್ತು. ತಲೆ ಸುತ್ತಿ ಕೂತ ಹುಡುಗನನ್ನು ಗದರಿಸುವ ಮೊದಲು ಅವರನ್ನು ಕೇಳಿ.

ಇಂಥ ನೌಕರರ ನೆರವು ಈ ಆಟಕ್ಕೆ ಹುಟ್ಟಿನಿಂದಲೂ ಇದೆ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಈ ಆಟ ಹುಟ್ಟುಹಾಕಿದಾಗ ಅವರೂ ಒಬ್ಬ ದೈಹಿಕ ಶಿಕ್ಷಕರೇ. ಎರಡು ಪೆಟ್ಟಿಗೆ ಬೇಕೆಂದು ಕೇಳಿದಾಗ ಪೀಚ್ ಹಣ್ಣಿನ ಬುಟ್ಟಿಗಳನ್ನು ತಂದುಕೊಟ್ಟವರು ಆ ಕಟ್ಟಡ ನೋಡಿಕೊಳ್ಳುತ್ತಿದ್ದ ನೌಕರ. ಆಟಕ್ಕೆ ಬುಟ್ಟಿಯ ಹೆಸರು ಬಂದದ್ದು ಅವರು ತಂದ ಆ ಬುಟ್ಟಿಗಳಿಂದ.

6. ಹಳೆ ವಿದ್ಯಾರ್ಥಿ ಬರಲಿ, ಕೋಲು ಬೇಡ

ಡಿಗ್ರಿ ಓದುತ್ತಿರುವ ಹಳೆಯ ಆಟಗಾರ ಬಂದು ನಿಂತರೆ ಹುಡುಗರ ಮೈಯಲ್ಲಿ ಹುರುಪು ಬರುತ್ತದೆ. ಲೇ-ಅಪ್‌ನ ಹೆಜ್ಜೆಯನ್ನು ಅವನು ಮಾಡಿ ತೋರಿಸುವಂತೆ ಐವತ್ತರ ಮಾಸ್ತರ ತೋರಿಸಲಾರ. ಆದರೆ ಮೊದಲ ದಿನವೇ ಒಂದು ಮಾತು ಗಟ್ಟಿಯಾಗಿ ಹೇಳಿ: ಹೊಡೆಯುವಂತಿಲ್ಲ, ಬೈಗುಳವಿಲ್ಲ, ಜಾತಿ ಹಿಡಿದು ಕರೆಯುವಂತಿಲ್ಲ, ತಪ್ಪಿಗೆ ಬಸ್ಕಿ ಹೊಡೆಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾಯ್ದೆಯ ಮಾತು ಹಾಗಿರಲಿ, ಹೆದರಿದ ಹುಡುಗ ಪಾಸ್ ಕೊಡುವುದನ್ನೇ ನಿಲ್ಲಿಸುತ್ತಾನೆ.

7. ಭಾಷೆ

ಸಿಂಧನೂರಿನ ಕ್ಯಾಂಪುಗಳಿಂದ ತೆಲುಗು ಮನೆಮಾತಿನವರು, ಬಂಗಾಳಿ ಮನೆಮಾತಿನವರು ಬರುತ್ತಾರೆ. ಅಂಗಣದೊಳಗಿನ ಕೂಗುಗಳು ಎಲ್ಲರಿಗೂ ಒಂದೇ ಇರಲಿ, ಒಂದೊಂದೇ ಪದದ್ದಾಗಿರಲಿ.

8. ಗುಳೆಗೆ ಮುಂಚೆ ಮನೆಗೆ ಹೋಗಿ

ಮಳೆ ಕೈಕೊಟ್ಟ ವರ್ಷ ಒಣಬೇಸಾಯದ ಊರುಗಳಿಂದ ಸಂಸಾರಗಳೇ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಹುಡುಗನೂ ಜೊತೆಗೆ ಹೋದರೆ ತಂಡದ ಮಾತು ಹಾಗಿರಲಿ, ಅವನ ಎಸ್ಸೆಸ್ಸೆಲ್ಸಿಯೇ ಹೋಗುತ್ತದೆ. ಮಸ್ಕಿ ಕಡೆಯ ತಾಯಿಯೊಬ್ಬರು ನನ್ನನ್ನು ನೇರವಾಗಿ ಕೇಳಿದ್ದರು: "ಚೆಂಡು ಒಗದ್ರ ಹೊಟ್ಟಿ ತುಂಬತೈತೇನ್ರಿ ಸರ?" ತುಂಬುತ್ತದೆ ಎಂದು ಸುಳ್ಳು ಹೇಳಬಾರದು. "ಇಲ್ಲವ್ವ, ಆದ್ರ ಹಾಸ್ಟೆಲ್ಲಿನಾಗ ಬಿಟ್ಟು ಹೋಗು, ಪರೀಕ್ಷೆ ಬರಸೋದು ನನ್ನ ಜವಾಬ್ದಾರಿ" ಎಂದೆ. ಅವರು ಬಿಟ್ಟು ಹೋದರು. ಆ ಮಾತು ಕೊಟ್ಟ ಮೇಲೆ ನಡೆಸಿಕೊಡಬೇಕಾದವರು ಇಡೀ ಸಿಬ್ಬಂದಿ: ವಾರ್ಡನ್, ವಿಷಯ ಶಿಕ್ಷಕರು, ಮುಖ್ಯಗುರುಗಳು.

9. ಕಾಗದಪತ್ರ

ವಯಸ್ಸಿನ ದಾಖಲೆ, ಪ್ರವೇಶ ನಮೂನೆ, ಮುಖ್ಯಗುರುಗಳ ಸಹಿ ಎಲ್ಲವನ್ನೂ ಕ್ರೀಡಾಕೂಟದ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಬೇಡಿ. ಈ ಕೆಲಸವನ್ನು ಕಚೇರಿಯ ಗುಮಾಸ್ತರಿಗೆ ಒಪ್ಪಿಸಿ, ತಂಡದ ಫೋಟೋದಲ್ಲಿ ಅವರನ್ನೂ ನಿಲ್ಲಿಸಿ.

ಕೊನೆಗೊಂದು ಕೋರಿಕೆ. ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ ಈಗ ಬ್ಯಾಂಕಿನಲ್ಲೋ, ಹಟ್ಟಿ ಚಿನ್ನದ ಗಣಿಯಲ್ಲೋ, ನೀರಾವರಿ ಇಲಾಖೆಯಲ್ಲೋ ಕೆಲಸ ಮಾಡುತ್ತಿರುವವರು ಇದನ್ನು ಓದುತ್ತಿದ್ದರೆ, ವಾರಕ್ಕೆರಡು ಬೆಳಗ್ಗೆ ಹತ್ತಿರದ ಸರ್ಕಾರಿ ಪ್ರೌಢಶಾಲೆಗೆ ಬನ್ನಿ. ಮುಖ್ಯಗುರುಗಳ ಅನುಮತಿ ಪಡೆದು ಪಿ.ಟಿ. ಮಾಸ್ತರರ ಜೊತೆ ನಿಲ್ಲಿ. ಹುಡುಗರು ಆರಕ್ಕೇ ಬಂದಿರುತ್ತಾರೆ.